ವಸಡಿನ ಆರಂಭಿಕ ಉರಿಯೂತ ಮತ್ತು ರೋಗನಿರೋಧಕ ವ್ಯವಸ್ಥೆ: ಪದೇ ಪದೇ ಕೇಳುವ ಪ್ರಶ್ನೆಗಳು

ಕಲಬುರಗಿಯಲ್ಲಿ ದಂತವೈದ್ಯರ ಬಳಿ ಜನ ಬರುವುದು ಹಲ್ಲು ನೋಯತೊಡಗಿದ ಮೇಲೆ. ವಸಡಿನ ಸಲುವಾಗಿ ಬರುವವರು ತೀರಾ ಕಡಿಮೆ. ಹಲ್ಲಿಗೆಂದು ಆಳಂದದಿಂದಲೋ ಶಹಾಪುರದಿಂದಲೋ ಬಂದವರು ಎದ್ದು ಹೊರಡುವಾಗ, ಚಪ್ಪಲಿ ಹಾಕಿಕೊಳ್ಳುತ್ತ, "ಉಜ್ಜುವಾಗ ಸ್ವಲ್ಪ ರಕ್ತ ಬರುತ್ತದೆ, ಅದೇನೂ ದೊಡ್ಡದಲ್ಲ ತಾನೆ?" ಎಂದು ಕೇಳುತ್ತಾರೆ. ನಿಂತ ಕಾಲಲ್ಲಿ ಹೇಳಿ ಮುಗಿಸಲಾಗದ ಉತ್ತರಗಳನ್ನು ಇಲ್ಲಿ ಬರೆದಿದ್ದೇನೆ.

ಉಜ್ಜುವಾಗ ರಕ್ತ ಬರುವುದು ಬ್ರಷ್ ಒರಟಾಗಿರುವುದರಿಂದ ಅಲ್ಲವೇ?

ಬಹುಮಟ್ಟಿಗೆ ಅಲ್ಲ. ಬ್ರಷ್ ಗೀರಿದ ಗಾಯ ಒಂದೇ ಕಡೆ ಇರುತ್ತದೆ, ಕೆಲವು ದಿನಗಳಲ್ಲಿ ಮಾಯುತ್ತದೆ. ವಾರಗಟ್ಟಲೆ, ಹಲವು ಹಲ್ಲುಗಳ ಬುಡದಲ್ಲಿ ರಕ್ತ ಜಿನುಗುತ್ತಿದ್ದರೆ ಬ್ರಷ್ ಬರೀ ನೆಪ. ಹಲ್ಲು ಮತ್ತು ವಸಡು ಕೂಡುವ ಗೆರೆಯಲ್ಲಿ ಸೂಕ್ಷ್ಮಾಣುಗಳ ಪದರ ಕುಳಿತಿದೆ. ದೇಹದ ರೋಗನಿರೋಧಕ ವ್ಯವಸ್ಥೆ ಅದರ ವಿರುದ್ಧ ಕೆಲಸಕ್ಕಿಳಿದಿದೆ. ಆ ಕೆಲಸಕ್ಕಾಗಿ ವಸಡಿನ ಕಿರು ರಕ್ತನಾಳಗಳು ಹಿಗ್ಗಿವೆ, ವಸಡಿನ ಒಳಮೈ ತೆಳುವಾಗಿ ಅಲ್ಲಲ್ಲಿ ಹುಣ್ಣಾಗಿದೆ. ಹೀಗಿರುವಾಗ ಎಷ್ಟು ಮೃದುವಾದ ಬ್ರಷ್ ತಾಗಿದರೂ ರಕ್ತ ಬರುತ್ತದೆ. ಇದನ್ನೇ ಜಿಂಜಿವೈಟಿಸ್ ಅಥವಾ ವಸಡಿನ ಉರಿಯೂತ ಎನ್ನುವುದು.

ವೈದ್ಯರು ತೆಳುವಾದ ಅಳತೆ ಕಡ್ಡಿಯನ್ನು ಪ್ರತಿ ಹಲ್ಲಿನ ಸುತ್ತ ಮೆಲ್ಲಗೆ ಇಳಿಸಿ ನೋಡುತ್ತಾರೆ. ಮುಟ್ಟಿದ ಜಾಗಗಳಲ್ಲಿ ಶೇ 10 ಅಥವಾ ಅದಕ್ಕಿಂತ ಹೆಚ್ಚು ಕಡೆ ರಕ್ತ ಬಂದರೆ ಉರಿಯೂತವೆಂದು ಲೆಕ್ಕ. ಅದಕ್ಕಿಂತ ಕಡಿಮೆಯಿದ್ದು, ಬೇರೆ ಹಾನಿ ಕಾಣದಿದ್ದರೆ ವಸಡು ಆರೋಗ್ಯವಾಗಿದೆ ಎಂದೇ ಅರ್ಥ. ಒಂದು ಹನಿ ರಕ್ತವೂ ಬಾರದ ಬಾಯಿ ಅಪರೂಪ.

ರೋಗವೇ ಇಲ್ಲದ ವಸಡಿನಲ್ಲಿ ಬಿಳಿ ರಕ್ತಕಣಗಳಿಗೆ ಏನು ಕೆಲಸ?

ಇಡೀ ಚಿತ್ರ ಅರ್ಥವಾಗಬೇಕಾದರೆ ಮೊದಲು ತಿಳಿಯಬೇಕಾದದ್ದು ಇದೇ, ಆದರೆ ಇದನ್ನು ಕೇಳುವವರು ಕಡಿಮೆ. ನಮ್ಮ ಮೈಯ ಹೊದಿಕೆಯನ್ನು ತೂರಿಕೊಂಡು ಹೊರಗೆ ನಿಂತಿರುವ ಗಟ್ಟಿ ಅಂಗ ಹಲ್ಲು. ಅದರ ಒಂದು ತುದಿ ದವಡೆಯ ಮೂಳೆಯಲ್ಲಿ, ಇನ್ನೊಂದು ತುದಿ ನೂರಾರು ಬಗೆಯ ಬ್ಯಾಕ್ಟೀರಿಯಾಗಳು ವಾಸಿಸುವ ಬಾಯಿಯಲ್ಲಿ. ನಡುವೆ ವಸಡನ್ನು ಹಲ್ಲಿಗೆ ಅಂಟಿಸಿರುವುದು ಕೆಲವೇ ಕೋಶಗಳಷ್ಟು ದಪ್ಪದ, ಬೇಗ ಬೇಗ ಹೊಸದಾಗುವ ಒಂದು ಪೊರೆ. ಆ ಪೊರೆಯ ಕೋಶಗಳ ನಡುವೆ ಸಂದುಗಳು ಅಗಲವಾಗಿವೆ.

ಆ ಸಂದುಗಳ ಮೂಲಕ ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳು ರಕ್ತನಾಳದಿಂದ ಹೊರಬಂದು ಹಲ್ಲು-ವಸಡಿನ ನಡುವಿನ ಸಣ್ಣ ಕಾಲುವೆಗೆ ಇಳಿಯುತ್ತಲೇ ಇರುತ್ತವೆ. ಹಗಲು ರಾತ್ರಿ ಇದಕ್ಕೆ ಬಿಡುವಿಲ್ಲ. ಹೀಗೆ ಬಾಯಿಗೆ ಸೇರುವ ಬಿಳಿ ಕಣಗಳು ನಿಮಿಷಕ್ಕೆ ಸುಮಾರು 30,000 ಎಂದು 1970ರ ಸುಮಾರಿಗೆ ಲೆಕ್ಕ ಹಾಕಲಾಗಿತ್ತು. ವಸಡಿನ ಕೋಶಗಳು ಇಂಟರ್‌ಲ್ಯೂಕಿನ್-8 ಎಂಬ ರಾಸಾಯನಿಕವನ್ನು ಹೊರಬಿಡುತ್ತವೆ. ಹಲ್ಲಿನ ಮೈಗೆ ಹತ್ತಿರವಾದಷ್ಟೂ ಅದರ ಸಾಂದ್ರತೆ ಹೆಚ್ಚು. ಅದನ್ನೇ ಹಿಂಬಾಲಿಸಿ ಈ ಕಣಗಳು ಬರುತ್ತವೆ. ಜೊತೆಗೆ ಪ್ರತಿಕಾಯಗಳು ಮತ್ತು ಸೂಕ್ಷ್ಮಾಣುಗಳನ್ನು ಕೊಲ್ಲಲು ನೆರವಾಗುವ ಕಾಂಪ್ಲಿಮೆಂಟ್ ಪ್ರೋಟೀನುಗಳನ್ನು ಹೊತ್ತ ದ್ರವವೂ ಸ್ವಲ್ಪ ಸ್ವಲ್ಪವೇ ಒಸರುತ್ತಿರುತ್ತದೆ. ಅಂದರೆ ಆರೋಗ್ಯವಂತ ವಸಡು ಸುಮ್ಮನೆ ಮಲಗಿರುವ ಅಂಗಾಂಶವಲ್ಲ. ಉರಿಯೂತ ಎಂದು ನಾವು ಕರೆಯುವುದು ಈ ಎಂದಿನ ಕೆಲಸ ಮಿತಿ ಮೀರಿದ ಸ್ಥಿತಿಯನ್ನು.

ಉಜ್ಜುವುದನ್ನು ಬಿಟ್ಟರೆ ದಿನದಿಂದ ದಿನಕ್ಕೆ ಒಳಗೆ ಏನಾಗುತ್ತದೆ?

1976ರಲ್ಲಿ ಪೇಜ್ ಮತ್ತು ಶ್ರೋಡರ್ ಎಂಬ ಇಬ್ಬರು ಸಂಶೋಧಕರು ಇದನ್ನು ಹಂತಗಳಾಗಿ ವಿಂಗಡಿಸಿದರು. ಇಂದಿಗೂ ದಂತ ವೈದ್ಯಕೀಯ ಕಾಲೇಜುಗಳಲ್ಲಿ ಅದನ್ನೇ ಪಾಠ ಮಾಡುತ್ತಾರೆ.

ಎರಡರಿಂದ ನಾಲ್ಕು ದಿನ: ಹಲ್ಲಿನ ಬುಡದಲ್ಲಿ ಬಿಳಿಯ ಮೆತ್ತನೆಯ ಪಾಚಿ, ಅಂದರೆ ಮೇಲೆ ಹೇಳಿದ ಸೂಕ್ಷ್ಮಾಣುಗಳ ಪದರ, ಕೂಡುತ್ತದೆ. ಉಗುರಿನಲ್ಲಿ ಕೆರೆದರೆ ಬರುವುದು ಇದೇ. ಬ್ಯಾಕ್ಟೀರಿಯಾಗಳ ಹೊರಕವಚದ ಚೂರುಗಳನ್ನು ವಸಡಿನ ಕೋಶಗಳ ಮೇಲಿರುವ ಟೋಲ್ ಮಾದರಿಯ ಗ್ರಾಹಕಗಳು ಗುರುತಿಸುತ್ತವೆ. (ಈ ಬಗೆಯ ಜನ್ಮಜಾತ ರಕ್ಷಣೆ ಹೇಗೆ ಚಾಲೂ ಆಗುತ್ತದೆ ಎಂಬುದನ್ನು ಕಂಡುಹಿಡಿದದ್ದಕ್ಕೇ 2011ರಲ್ಲಿ ಬ್ರೂಸ್ ಬಾಯ್ಟ್ಲರ್ ಮತ್ತು ಜೂಲ್ಸ್ ಹಾಫ್‌ಮನ್ ಅವರಿಗೆ ನೊಬೆಲ್ ಬಂದದ್ದು.) ಗ್ರಾಹಕ ಗುರುತಿಸಿದ ಕೂಡಲೇ ರಕ್ತನಾಳಗಳು ಹಿಗ್ಗುತ್ತವೆ, ಅವುಗಳ ಒಳಗೋಡೆ ಅಂಟಂಟಾಗುತ್ತದೆ, ಹರಿದುಹೋಗುತ್ತಿದ್ದ ನ್ಯೂಟ್ರೋಫಿಲ್‌ಗಳು ಅಲ್ಲಿ ತಡೆದು ನಿಂತು ಹೊರಗೆ ನುಸುಳುತ್ತವೆ. ಕನ್ನಡಿಯಲ್ಲಿ ನೋಡಿದರೆ ಏನೂ ಕಾಣುವುದಿಲ್ಲ. ಈ ಹಂತಕ್ಕೂ ಸಾಮಾನ್ಯ ಆರೋಗ್ಯಕ್ಕೂ ನಡುವೆ ಗೆರೆ ಎಳೆಯುವುದೇ ಕಷ್ಟ.

ನಾಲ್ಕರಿಂದ ಏಳು ದಿನ: ಮ್ಯಾಕ್ರೋಫೇಜ್‌ಗಳು ಮತ್ತು ಟಿ ಲಿಂಫೋಸೈಟ್‌ಗಳು ಎಂಬ ಬೇರೆ ಬಗೆಯ ರಕ್ಷಣಾ ಕೋಶಗಳು ಬಂದು ಸೇರುತ್ತವೆ. ವಸಡಿಗೆ ಬಿಗಿ ಕೊಡುವ ಕೊಲಾಜನ್ ನಾರುಗಳು ಕರಗತೊಡಗುತ್ತವೆ. ಉರಿಯೂತದ ಕಣಗಳು ತುಂಬಿದ ಭಾಗದಲ್ಲಿ ಶೇ 60ರಿಂದ 70ರಷ್ಟು ಕೊಲಾಜನ್ ನಾಶವಾಗಿರುತ್ತದೆ. ವಸಡು ಕೆಂಪಾಗುವುದು, ಅಂಚು ಉಬ್ಬುವುದು, ಮುಟ್ಟಿದರೆ ರಕ್ತ ಬರುವುದು ಈಗ.

ಎರಡು ಮೂರು ವಾರ ಕಳೆದರೆ ಬಿ ಕೋಶಗಳು ಎಂಬ ಇನ್ನೊಂದು ಬಗೆಯ ಬಿಳಿ ರಕ್ತಕಣಗಳು ಮತ್ತು ಅವುಗಳಿಂದ ಹುಟ್ಟಿದ, ಪ್ರತಿಕಾಯ ತಯಾರಿಸುವ ಪ್ಲಾಸ್ಮಾ ಕೋಶಗಳು ಮೇಲುಗೈ ಪಡೆಯುತ್ತವೆ. ಇಲ್ಲಿಯವರೆಗೂ ಹಲ್ಲನ್ನು ಹಿಡಿದಿರುವ ಮೂಳೆಗೆ ಹಾನಿಯಾಗಿಲ್ಲ, ಇಲ್ಲಿಯವರೆಗಿನದೆಲ್ಲ ಸರಿಹೋಗುವಂಥದ್ದು. ಮೂಳೆ ಕರಗತೊಡಗಿದರೆ ಅದು ಪೆರಿಯೊಡಾಂಟೈಟಿಸ್. ಹೋದ ಮೂಳೆ ತಾನಾಗಿ ಮರಳುವುದಿಲ್ಲ.

ದಿನಗಳ ಲೆಕ್ಕ ಎಲ್ಲರಿಗೂ ಒಂದೇ ಅಲ್ಲ. ಚಿಕ್ಕ ಮಕ್ಕಳಲ್ಲಿ ಅಷ್ಟೇ ಪಾಚಿ ಇದ್ದರೂ ವಸಡು ಅಷ್ಟು ಕೆಂಪಾಗುವುದಿಲ್ಲ. ವಯಸ್ಸಾದವರಲ್ಲಿ ಬೇಗ ಆಗುತ್ತದೆ.

ಕಾಪಾಡಲು ಬಂದ ಕಣಗಳೇ ವಸಡನ್ನು ಹಾಳು ಮಾಡುತ್ತವೆ ಎಂದರೆ ನಂಬುವುದು ಹೇಗೆ?

ತೊಗರಿ ಹೊಲಕ್ಕೆ ಹಂದಿ ನುಗ್ಗಿದಾಗ ಓಡಿಸಲು ಹೋದವರ ಕಾಲಿಗೇ ಸಿಕ್ಕು ಎಷ್ಟೋ ಗಿಡ ನೆಲ ಹಿಡಿಯುತ್ತವೆ. ವಸಡಿನಲ್ಲಿ ಆಗುವುದೂ ಹಾಗೆಯೇ. ನ್ಯೂಟ್ರೋಫಿಲ್ ಬ್ಯಾಕ್ಟೀರಿಯಾವನ್ನು ನುಂಗಿ ಕೊಲ್ಲುತ್ತದೆ. ನುಂಗಲಾಗದಷ್ಟು ಇದ್ದರೆ ತನ್ನೊಳಗಿನ ಕಿಣ್ವಗಳನ್ನೂ ಆಮ್ಲಜನಕದ ಉಗ್ರ ರೂಪಗಳನ್ನೂ ಹೊರಕ್ಕೆ ಚೆಲ್ಲುತ್ತದೆ. ಆ ಕಿಣ್ವಗಳಲ್ಲಿ ಎಂಎಂಪಿ-8 ಎಂಬುದು ಕೊಲಾಜನ್ ಕತ್ತರಿಸುವುದರಲ್ಲಿ ನಿಸ್ಸೀಮ. ಬ್ಯಾಕ್ಟೀರಿಯಾ ಎಲ್ಲಿ, ನಮ್ಮ ನಾರು ಎಲ್ಲಿ ಎಂಬ ಭೇದ ಅದಕ್ಕಿಲ್ಲ. ಮ್ಯಾಕ್ರೋಫೇಜ್‌ಗಳು ಬಿಡುವ ಇಂಟರ್‌ಲ್ಯೂಕಿನ್-1, ಟಿಎನ್ಎಫ್, ಪ್ರೋಸ್ಟಾಗ್ಲಾಂಡಿನ್ ಇ2 ಎಂಬ ರಾಸಾಯನಿಕಗಳು ಉರಿಯೂತವನ್ನು ಮುಂದುವರಿಸುತ್ತವೆ. ಮುಂದಿನ ಹಂತದಲ್ಲಿ ಮೂಳೆ ಕರಗಿಸುವ ಕೋಶಗಳನ್ನು ಎಬ್ಬಿಸುವುದೂ ಇವೇ.

ಪಾಚಿ ಇರುವವರೆಗೆ ಇದು ನಿಲ್ಲುವುದಿಲ್ಲ. ದೇಹದ ತಪ್ಪು ಏನೂ ಇಲ್ಲ ಇದರಲ್ಲಿ. ಹಲ್ಲಿನ ಮೇಲೆ ಅಂಟಿ ಕುಳಿತ ಪದರವನ್ನು ಬಿಳಿ ರಕ್ತಕಣಗಳು ಕೆರೆದು ತೆಗೆಯಲಾರವು. ಅದು ಕೈಯಿಂದಲೇ ಆಗಬೇಕಾದ ಕೆಲಸ.

ಹಾಗಾದರೆ ಈ ಪ್ರತಿಕ್ರಿಯೆಯನ್ನೇ ಮಾತ್ರೆ ಕೊಟ್ಟು ನಿಲ್ಲಿಸಬಾರದೇ?

ನಿಲ್ಲಿಸಿದರೆ ಏನಾಗುತ್ತದೆ ಎಂಬುದಕ್ಕೆ ಪ್ರಕೃತಿಯಲ್ಲೇ ಉದಾಹರಣೆಗಳಿವೆ. ನ್ಯೂಟ್ರೋಫಿಲ್‌ಗಳು ರಕ್ತನಾಳದಿಂದ ಹೊರಬರಲಾಗದ ಒಂದು ಅಪರೂಪದ ಆನುವಂಶಿಕ ಕಾಯಿಲೆಯಿದೆ. ಅದಿರುವ ಮಕ್ಕಳಲ್ಲಿ ಹಾಲುಹಲ್ಲಿನ ವಯಸ್ಸಿನಲ್ಲೇ ವಸಡು ಉರಿದು, ಮೂಳೆ ಕರಗಿ, ಹಲ್ಲು ಉದುರುತ್ತವೆ. ಈ ಕಣಗಳ ಸಂಖ್ಯೆಯೇ ಕುಸಿಯುವ ಕಾಯಿಲೆಗಳಲ್ಲೂ ವಸಡಿನ ಗತಿ ಅದೇ. ಕಡಿಮೆಯಾದರೂ ಕೇಡು, ಹೆಚ್ಚಾದರೂ ಕೇಡು.

ಇಮ್ಯುನಿಟಿ ಹೆಚ್ಚಿಸುವ ಪುಡಿ, ಕಷಾಯ ತೆಗೆದುಕೊಂಡರೆ?

ಕೊರೋನಾ ಬಂದು ಹೋದಾಗಿನಿಂದ ಈ ಪ್ರಶ್ನೆಯ ಕಾಟ ತಪ್ಪಿಲ್ಲ. ಮೇಲಿನದನ್ನು ಓದಿದ ಮೇಲೆ ನೀವೇ ಹೇಳಿ: ಈಗಾಗಲೇ ಜೋರಾಗಿ ನಡೆಯುತ್ತಿರುವ ಪ್ರತಿಕ್ರಿಯೆಯನ್ನು ಇನ್ನಷ್ಟು ಹೆಚ್ಚಿಸಿ ಪಡೆಯುವುದೇನು? ವಸಡಿಗೆ ಬೇಕಾದದ್ದು ಪ್ರಚೋದನೆ ಕಡಿಮೆಯಾಗುವುದು, ಅಂದರೆ ಪಾಚಿ ಹೋಗುವುದು. ಡಬ್ಬಿಯಲ್ಲಿ ಮಾರುವ ಯಾವ ಪುಡಿಯೂ ಹಲ್ಲಿನ ಸಂದಿಗೆ ಹೋಗಿ ಪಾಚಿ ಕೆರೆಯುವುದಿಲ್ಲ.

ವಿಟಮಿನ್ ಸಿ ಮಾತು ಸ್ವಲ್ಪ ಬೇರೆ. ಅದು ತೀರಾ ಕೊರತೆಯಾದರೆ ಹೊಸ ಕೊಲಾಜನ್ ಗಟ್ಟಿಯಾಗಿ ಹೆಣೆದುಕೊಳ್ಳುವುದಿಲ್ಲ, ವಸಡು ಊದಿ ರಕ್ತ ಸುರಿಯುತ್ತದೆ. ಅದು ಸ್ಕರ್ವಿ; 1747ರಲ್ಲಿ ಜೇಮ್ಸ್ ಲಿಂಡ್ ಹಡಗಿನ ನಾವಿಕರಿಗೆ ಕಿತ್ತಳೆ, ನಿಂಬೆ ಕೊಟ್ಟು ಗುಣಪಡಿಸಿದ ಕಾಯಿಲೆ. ಪೇರಲ, ನಿಂಬೆ, ನೆಲ್ಲಿಕಾಯಿ, ಹಸಿ ತರಕಾರಿ ತಿನ್ನುವವರಿಗೆ ಮಾತ್ರೆಯ ಅಗತ್ಯ ಸಾಮಾನ್ಯವಾಗಿ ಬೀಳುವುದಿಲ್ಲ.

ರಕ್ತ ಬರುವ ಕಡೆ ಕೆಲವು ದಿನ ಉಜ್ಜದೆ ಬಿಟ್ಟರೆ ಮಾಯುವುದಿಲ್ಲವೇ?

ಎಲ್ಲರೂ ಮಾಡುವ ತಪ್ಪು ಇದೇ. ಕೈಗೆ ಗಾಯವಾದರೆ ಮುಟ್ಟದೆ ಬಿಡುತ್ತೇವೆ, ವಸಡಿಗೂ ಅದೇ ನ್ಯಾಯ ಎಂದುಕೊಳ್ಳುತ್ತೇವೆ. ಮುಟ್ಟದೆ ಬಿಟ್ಟ ಕಡೆ ಪಾಚಿ ಹೆಚ್ಚುತ್ತದೆ, ಉರಿಯೂತ ಹೆಚ್ಚುತ್ತದೆ, ರಕ್ತವೂ ಹೆಚ್ಚುತ್ತದೆ, ಇನ್ನಷ್ಟು ಹೆದರಿ ಇನ್ನಷ್ಟು ಬಿಡುತ್ತೇವೆ.

1965ರಲ್ಲಿ ಡೆನ್ಮಾರ್ಕಿನಲ್ಲಿ ಹರಾಲ್ಡ್ ಲೋ ಮತ್ತು ಸಂಗಡಿಗರು ಆರೋಗ್ಯವಂತ ವಸಡಿನ 12 ಮಂದಿಗೆ ಹಲ್ಲುಜ್ಜುವುದನ್ನು ಪೂರ್ತಿ ನಿಲ್ಲಿಸಲು ಹೇಳಿದರು. 10ರಿಂದ 21 ದಿನಗಳೊಳಗೆ ಎಲ್ಲರ ವಸಡಿಗೂ ಉರಿಯೂತ ಬಂತು. ಮತ್ತೆ ಉಜ್ಜಲು ಶುರುಮಾಡಿದ ಮೇಲೆ ಸುಮಾರು ಒಂದು ವಾರದಲ್ಲಿ ಹೋಯಿತು. ಮಾತ್ರೆಯಿಲ್ಲ, ಇಂಜೆಕ್ಷನ್ ಇಲ್ಲ. ದಂತ ವೈದ್ಯಕೀಯದಲ್ಲಿ ಇಷ್ಟು ಸರಳವಾದ, ಇಷ್ಟು ಗಟ್ಟಿಯಾದ ಪ್ರಯೋಗ ಇನ್ನೊಂದು ನನಗೆ ತೋರುವುದಿಲ್ಲ.

ಆದ್ದರಿಂದ ರಕ್ತ ಬರುವ ಕಡೆಯೇ ಹೆಚ್ಚು ಗಮನ ಕೊಡಿ. ಮೃದು ಬ್ರಷ್ಷನ್ನು ಹಲ್ಲಿನ ಬುಡಕ್ಕೆ 45 ಡಿಗ್ರಿ ಓರೆಯಾಗಿ ಹಿಡಿದು, ಅರ್ಧ ಕೂದಲು ವಸಡಿನ ಅಂಚಿಗೆ ತಾಗುವಂತೆ, ಸಣ್ಣ ಸಣ್ಣದಾಗಿ ಅಲ್ಲಾಡಿಸಿ. ಬೆಳಿಗ್ಗೆ ಒಮ್ಮೆ, ರಾತ್ರಿ ಮಲಗುವ ಮುನ್ನ ಒಮ್ಮೆ, ಎರಡೆರಡು ನಿಮಿಷ. ಹಲ್ಲುಗಳ ನಡುವೆ ದಾರ ಅಥವಾ ಸಂದಿನ ಕಿರು ಬ್ರಷ್ ಹಾಕಿ. ಉರಿಯೂತ ಸಾಮಾನ್ಯವಾಗಿ ಮೊದಲು ತಲೆ ಎತ್ತುವುದು ಆ ಸಂದುಗಳಲ್ಲೇ. ಮೊದಲ ಕೆಲವು ದಿನ ರಕ್ತ ಬರುತ್ತದೆ, ಬರಲಿ. ಎರಡು ವಾರವಾದರೂ ಕಡಿಮೆಯಾಗದಿದ್ದರೆ ಪಾಚಿ ಗಟ್ಟಿಯಾಗಿ ಕಲ್ಲಾಗಿರಬಹುದು, ಅದು ಬ್ರಷ್‌ಗೆ ಬಗ್ಗುವುದಿಲ್ಲ, ತೋರಿಸಬೇಕು.

ಖಡಕ್ ರೊಟ್ಟಿ ತಿಂದು ಬೆಳೆದವರು ನಾವು. ಹಲ್ಲು ತಾನಾಗಿಯೇ ಸ್ವಚ್ಛವಾಗುವುದಿಲ್ಲವೇ?

ಜೋಳದ ರೊಟ್ಟಿ ಅಗಿಯುವಾಗ ಹಲ್ಲಿನ ಮೇಲ್ಭಾಗ ಉಜ್ಜಿದಂತಾಗುವುದು ನಿಜ. ಆದರೆ ಪಾಚಿ ಕೂರುವುದು ವಸಡಿನ ಅಂಚಿನಲ್ಲಿ, ಸಂದಿನಲ್ಲಿ. ಅಲ್ಲಿಗೆ ಯಾವ ರೊಟ್ಟಿಯೂ ಮುಟ್ಟುವುದಿಲ್ಲ. ರೊಟ್ಟಿ ಬಿಡಬೇಡಿ, ಬ್ರಷ್ಷನ್ನೂ ಬಿಡಬೇಡಿ.

ಬೇವಿನ ಕಡ್ಡಿ, ಜಾಲಿ ಕಡ್ಡಿ, ಉಪ್ಪು, ಇದ್ದಿಲು?

ಬೇವಿನ ಕಡ್ಡಿಯ ಬಗ್ಗೆ ನನಗೆ ತಕರಾರಿಲ್ಲ. ತುದಿಯನ್ನು ಚೆನ್ನಾಗಿ ಜಗಿದು ಎಳೆ ಎಳೆಯಾಗಿಸಿ, ನಿಧಾನವಾಗಿ ಪ್ರತಿ ಹಲ್ಲಿನ ಬುಡಕ್ಕೂ ಒಯ್ದರೆ ಅದೂ ಪಾಚಿ ತೆಗೆಯುತ್ತದೆ. ಯಾದಗಿರಿ ಕಡೆಯ ಹಳ್ಳಿಗಳಿಂದ ಬರುವ ಕೆಲವು ಹಿರಿಯರ ವಸಡು ನೋಡಿದರೆ ಪೇಟೆಯ ಹುಡುಗರು ನಾಚಬೇಕು. ಅವರು ಅದಕ್ಕೆ ಅರ್ಧ ಗಂಟೆ ಕೊಡುತ್ತಾರೆ, ಗುಟ್ಟು ಅಷ್ಟೇ. ಒಳಬದಿಗೆ, ಹಿಂದಿನ ದವಡೆ ಹಲ್ಲಿಗೆ ಮಾತ್ರ ಕಡ್ಡಿ ಸರಿಯಾಗಿ ತಲುಪುವುದಿಲ್ಲ. ಬೆಚ್ಚಗಿನ ಉಪ್ಪುನೀರಿನಿಂದ ಬಾಯಿ ಮುಕ್ಕಳಿಸುವುದು ಹಿತ. ಒಣ ಉಪ್ಪು, ಇದ್ದಿಲು, ಇಟ್ಟಿಗೆ ಪುಡಿ ಹಾಕಿ ತಿಕ್ಕುವುದು ಬೇಡವೇ ಬೇಡ, ಹಲ್ಲು ಸವೆಯುತ್ತದೆ.

ಮನೆಯಲ್ಲಿ ಹಿರಿಯರು ಮಿಶ್ರಿ ತಿಕ್ಕುತ್ತಾರೆ, ತಂಬಾಕು ಹಾಕುತ್ತಾರೆ. ಅವರಿಗೆ ರಕ್ತವೇ ಬರುವುದಿಲ್ಲವಲ್ಲ?

ಬೀದರ್ ಮತ್ತು ಮಹಾರಾಷ್ಟ್ರದ ಗಡಿಗೆ ಹೊಂದಿದ ಊರುಗಳಲ್ಲಿ ಮಿಶ್ರಿಯನ್ನು ಹಲ್ಲುಪುಡಿ ಎಂದೇ ತಿಳಿದವರಿದ್ದಾರೆ. ಅದು ಹುರಿದು ಪುಡಿ ಮಾಡಿದ ತಂಬಾಕು, ಬೇರೇನಲ್ಲ. ತಂಬಾಕಿನ ಎಲೆಗೆ ಸುಣ್ಣ ಸೇರಿಸಿ ತಿಕ್ಕಿ ದವಡೆಯಲ್ಲಿಡುವವರಲ್ಲಿ, ಇಟ್ಟ ಕಡೆಯೇ ವಸಡು ಕೆಳಗೆ ಜಾರಿ ಬೇರು ಬಯಲಾಗಿರುವುದು ಸಾಮಾನ್ಯ ನೋಟ.

ಬೀಡಿ, ಸಿಗರೇಟಿನದು ಇನ್ನೊಂದು ಬಗೆಯ ಮೋಸ. ಧೂಮಪಾನಿಗಳ ವಸಡಿನಲ್ಲಿ ರಕ್ತನಾಳಗಳ ಪ್ರತಿಕ್ರಿಯೆ ಮಂದವಾಗಿರುತ್ತದೆ, ನ್ಯೂಟ್ರೋಫಿಲ್‌ಗಳು ಸರಿಯಾಗಿ ಕೆಲಸ ಮಾಡುವುದಿಲ್ಲ. ಒಳಗೆ ಮೂಳೆ ಕರಗುತ್ತಿದ್ದರೂ ಹೊರಗೆ ವಸಡು ಮಸುಕಾಗಿ, ಗಟ್ಟಿಯಾಗಿ, ರಕ್ತವಿಲ್ಲದೆ ಕಾಣುತ್ತದೆ. ಬಿಟ್ಟ ಕೆಲವು ವಾರಗಳಲ್ಲಿ ರಕ್ತ ಕಾಣಿಸಿಕೊಳ್ಳಬಹುದು. "ಬೀಡಿ ಬಿಟ್ಟಿದ್ದಕ್ಕೇ ಹೀಗಾಯಿತು" ಎಂದು ಮತ್ತೆ ಹಚ್ಚಬೇಡಿ. ಪ್ರತಿಕ್ರಿಯೆ ಮರಳುತ್ತಿದೆ ಎಂಬುದರ ಸೂಚನೆ ಅದು.

ನೋವೇ ಇಲ್ಲದ ಮೇಲೆ ಇದು ಕಾಯಿಲೆ ಹೇಗೆ?

ಆರಂಭಿಕ ಉರಿಯೂತ ನೋಯುವುದಿಲ್ಲ, ಅದರ ಕೆಟ್ಟ ಗುಣವೇ ಅದು. ಕೆಂಪು, ಊತ, ರಕ್ತ, ಬಾಯಿವಾಸನೆ ಇವಿಷ್ಟೇ ಕುರುಹು. ನೋವಿಗಾಗಿ ಕಾಯುವವರು ಹಲ್ಲು ಅಲ್ಲಾಡುವವರೆಗೂ ಕಾಯಬೇಕಾದೀತು.

ವಸಡಿನ ಉರಿಯೂತ ಇರುವ ಎಲ್ಲರಿಗೂ ಮುಂದೆ ಮೂಳೆ ಕರಗುತ್ತದೆಯೇ?

ಇಲ್ಲ. ಅದೇ ಹರಾಲ್ಡ್ ಲೋ 1986ರಲ್ಲಿ ಶ್ರೀಲಂಕಾದ 480 ಚಹಾ ತೋಟದ ಕಾರ್ಮಿಕರ ವರದಿ ಪ್ರಕಟಿಸಿದರು. ಹಲ್ಲುಜ್ಜುವ ರೂಢಿಯೇ ಇಲ್ಲದವರು, ದಂತ ಚಿಕಿತ್ಸೆ ಕಾಣದವರು, ಬಾಯಿತುಂಬ ಪಾಚಿ, ಎಲ್ಲರ ವಸಡಿನಲ್ಲೂ ಉರಿಯೂತ. ಆದರೂ ಶೇ 8ರಷ್ಟು ಜನರಲ್ಲಿ ಮಾತ್ರ ಹಾನಿ ಅತಿ ವೇಗವಾಗಿ ಬೆಳೆಯಿತು, ಶೇ 81ರಷ್ಟು ಜನರಲ್ಲಿ ಮಧ್ಯಮ ಗತಿಯಲ್ಲಿ, ಶೇ 11ರಷ್ಟು ಜನರಲ್ಲಿ ಉರಿಯೂತ ದಾಟಿ ಮುಂದೆ ಹೋಗಲೇ ಇಲ್ಲ. ಅಷ್ಟೇ ಪಾಚಿಗೆ ಇಷ್ಟೊಂದು ವ್ಯತ್ಯಾಸ ಬರಲು ಮುಖ್ಯ ಕಾರಣ ಅವರವರ ದೇಹ ಪ್ರತಿಕ್ರಿಯಿಸುವ ರೀತಿ. ಅದರಲ್ಲಿ ವಂಶವಾಹಿಯ ಪಾಲು ಇದೆ, ಸಕ್ಕರೆ ಕಾಯಿಲೆ, ತಂಬಾಕಿನ ಪಾಲೂ ಇದೆ. ತಾನು ಯಾವ ಗುಂಪಿನವನು ಎಂದು ಮೊದಲೇ ಹೇಳುವ ಪರೀಕ್ಷೆ ಇಲ್ಲ. ಅದೃಷ್ಟ ಪರೀಕ್ಷಿಸಲು ಇದು ಲಾಟರಿಯಲ್ಲ.

ಸಕ್ಕರೆ ಕಾಯಿಲೆಗೂ ವಸಡಿಗೂ ಏನು ಸಂಬಂಧ?

ರಕ್ತದಲ್ಲಿ ಸಕ್ಕರೆ ಹೆಚ್ಚಿದ್ದಾಗ ನ್ಯೂಟ್ರೋಫಿಲ್‌ಗಳ ಚಲನೆ, ನುಂಗುವ ಶಕ್ತಿ ಕುಂದುತ್ತದೆ. ಇನ್ನೊಂದೆಡೆ ಸಕ್ಕರೆ ಅಂಟಿ ಕೆಟ್ಟ ಪ್ರೋಟೀನುಗಳು ಮ್ಯಾಕ್ರೋಫೇಜ್‌ಗಳನ್ನು ಕೆರಳಿಸಿ ಉರಿಯೂತದ ರಾಸಾಯನಿಕಗಳನ್ನು ಹೆಚ್ಚು ಸುರಿಸುತ್ತವೆ. ಕೊಲ್ಲುವ ಕೆಲಸ ಕಡಿಮೆ, ಕೆಡಿಸುವ ಕೆಲಸ ಹೆಚ್ಚು. ಸಂಬಂಧ ಎರಡೂ ಕಡೆಯಿಂದ ಇದೆ: ವಸಡಿನ ತೀವ್ರ ಉರಿಯೂತ ಸಕ್ಕರೆಯ ನಿಯಂತ್ರಣವನ್ನೂ ಕೆಡಿಸುತ್ತದೆ. ಪೆರಿಯೊಡಾಂಟೈಟಿಸ್ ಇರುವ ಸಕ್ಕರೆ ರೋಗಿಗಳಿಗೆ ವಸಡಿನ ಚಿಕಿತ್ಸೆ ಕೊಟ್ಟಾಗ ಮೂರು ನಾಲ್ಕು ತಿಂಗಳಲ್ಲಿ ಎಚ್‌ಬಿಎ1ಸಿ (ಎರಡು ಮೂರು ತಿಂಗಳ ಸಕ್ಕರೆಯ ಸರಾಸರಿ ತೋರಿಸುವ ರಕ್ತ ಪರೀಕ್ಷೆ) ಸರಾಸರಿ 0.4 ಶೇಕಡಾ ಅಂಶದ ಆಸುಪಾಸು ಇಳಿದದ್ದು ಕಂಡುಬಂದಿದೆ. ಪದೇ ಪದೇ ವಸಡು ಊದುತ್ತಿದ್ದರೆ, ಸಕ್ಕರೆ ಇದೆ ಎಂದು ಗೊತ್ತಿಲ್ಲದವರೂ ಒಮ್ಮೆ ರಕ್ತ ಪರೀಕ್ಷೆ ಮಾಡಿಸಿಕೊಳ್ಳಿ.

ಗರ್ಭಿಣಿಯರಿಗೆ ವಸಡು ಊದುವುದು ಸಹಜವೇ?

ಸಾಮಾನ್ಯ. ಎರಡನೆಯ ತಿಂಗಳಿನಿಂದ ಶುರುವಾಗಿ ಎಂಟನೆಯ ತಿಂಗಳ ಹೊತ್ತಿಗೆ ಹೆಚ್ಚಾಗುತ್ತದೆ. ಹಾರ್ಮೋನುಗಳು ರಕ್ತನಾಳಗಳನ್ನು ಸಡಿಲಿಸಿ, ರೋಗನಿರೋಧಕ ಪ್ರತಿಕ್ರಿಯೆಯ ಹದ ಬದಲಿಸುತ್ತವೆ. ಹಳೆಯಷ್ಟೇ ಪಾಚಿಗೆ ಹೆಚ್ಚು ಊತ ಬರುತ್ತದೆ. ಬಸುರಿಯಾದಾಗ ಹಲ್ಲಿಗೆ ಕೈ ಹಚ್ಚಬಾರದು ಎಂಬ ಮಾತು ನಮ್ಮಲ್ಲಿ ಗಟ್ಟಿಯಾಗಿದೆ, ಅದಕ್ಕೆ ಆಧಾರವಿಲ್ಲ. ಹಲ್ಲು ಸ್ವಚ್ಛ ಮಾಡಿಸಿಕೊಳ್ಳಬಹುದು; ನಾಲ್ಕರಿಂದ ಆರನೆಯ ತಿಂಗಳು ಹೆಚ್ಚು ಅನುಕೂಲದ ಕಾಲ. ಗರ್ಭಿಣಿ ಎಂದು ವೈದ್ಯರಿಗೆ ಮೊದಲೇ ತಿಳಿಸಿ.

ಕ್ಲೀನಿಂಗ್ ಮಾಡಿಸಿದರೆ ಹಲ್ಲು ಸಡಿಲವಾಗುತ್ತವಂತೆ?

ಕಲ್ಲು ದಪ್ಪಗೆ ಕಟ್ಟಿದ್ದು, ಅದರ ಕೆಳಗೆ ಮೂಳೆ ಆಗಲೇ ಹೋಗಿದ್ದರೆ, ಕಲ್ಲು ತೆಗೆದ ಮೇಲೆ ಹಲ್ಲು ಅಲ್ಲಾಡುವುದು ಗಮನಕ್ಕೆ ಬರುತ್ತದೆ, ಸಂದು ಕಾಣುತ್ತದೆ. ಸಡಿಲ ಮಾಡಿದ್ದು ಕಾಯಿಲೆ, ಬೈಗುಳ ವೈದ್ಯರಿಗೆ. ಊತ ಇಳಿದ ಮೇಲೆ ವಸಡು ಮತ್ತೆ ಬಿಗಿಯುತ್ತದೆ.

ಮೌತ್‌ವಾಶ್ ಸಾಕಲ್ಲವೇ?

ಸಾಲದು. ಕ್ಲೋರ್‌ಹೆಕ್ಸಿಡಿನ್ ಇರುವ ದ್ರವ ಪಾಚಿಯನ್ನು ಚೆನ್ನಾಗಿಯೇ ತಡೆಯುತ್ತದೆ, ಆದರೆ ವಾರಗಟ್ಟಲೆ ಬಳಸಿದರೆ ಹಲ್ಲು ಕಂದಾಗುತ್ತದೆ, ನಾಲಿಗೆಯ ರುಚಿ ಕೆಡುತ್ತದೆ. ವೈದ್ಯರು ಹೇಳಿದಷ್ಟು ದಿನ ಮಾತ್ರ, ಪೇಸ್ಟ್ ಹಚ್ಚಿ ಉಜ್ಜಿದ ಅರ್ಧ ಗಂಟೆಯ ನಂತರ.

ನಮ್ಮ ಊರಿನ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಇದೆ. ವಸಡಿಗೂ ಅದೇ ಕಾರಣವೇ?

ಯಾದಗಿರಿ, ಕಲಬುರಗಿ ಜಿಲ್ಲೆಗಳ ಹಲವು ಹಳ್ಳಿಗಳ ಅಂತರ್ಜಲದಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ಮಿತಿಯನ್ನು ದಾಟಿದೆ. ಅದರಿಂದ ಹಲ್ಲಿನ ಮೇಲೆ ಹಳದಿ, ಕಂದು ಕಲೆ ಬೀಳುತ್ತದೆ. ವಸಡಿನ ರಕ್ತಕ್ಕೆ ಕಾರಣ ಪಾಚಿಯೇ. ಆದರೆ "ಎಷ್ಟು ಉಜ್ಜಿದರೂ ಬೆಳ್ಳಗಾಗದು" ಎಂದು ಬೇಸತ್ತು ಉಜ್ಜುವುದನ್ನೇ ಬಿಟ್ಟ ಹುಡುಗರಿದ್ದಾರೆ, ಅವರ ವಸಡು ಹಾಳಾಗುವುದು ಹಾಗೆ.

ಪಾಚಿಯಲ್ಲದೆ ಬೇರೆ ಕಾರಣಕ್ಕೂ ರಕ್ತ ಬರಬಹುದೇ?

ಬರಬಹುದು, ಇದನ್ನು ಉದಾಸೀನ ಮಾಡಬೇಡಿ. ಜ್ವರದ ಜೊತೆ ತಟ್ಟನೆ ವಸಡಿನಲ್ಲಿ ರಕ್ತ ಬಂದರೆ, ಮಳೆಗಾಲವಾದರಂತೂ, ಮೊದಲು ಡೆಂಗಿಯ ಅನುಮಾನ. ದಂತವೈದ್ಯರ ಬಳಿ ಅಲ್ಲ, ನೇರ ಆಸ್ಪತ್ರೆಗೆ ಹೋಗಿ. ವಸಡು ಎಲ್ಲ ಕಡೆ ಒಮ್ಮೆಲೇ ದಪ್ಪವಾಗಿ, ಮೈಮೇಲೆ ಕಂದು ಚುಕ್ಕೆ, ವಿಪರೀತ ಸುಸ್ತು, ಬಿಟ್ಟು ಬಿಟ್ಟು ಜ್ವರ ಇದ್ದರೆ ರಕ್ತಕಣಗಳ ಎಣಿಕೆ ಮಾಡಿಸಲೇಬೇಕು. ರಕ್ತದ ಕ್ಯಾನ್ಸರ್ ಕೆಲವೊಮ್ಮೆ ಮೊದಲು ವಸಡಿನಲ್ಲೇ ತೋರಿಕೊಳ್ಳುತ್ತದೆ. ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರಿಗೂ ರಕ್ತ ಸುಲಭವಾಗಿ ಬರುತ್ತದೆ. ಬಿಪಿಗೆ ಕೊಡುವ ಆಮ್ಲೋಡಿಪಿನ್, ಮೂರ್ಛೆರೋಗಕ್ಕೆ ಕೊಡುವ ಫೆನಿಟಾಯಿನ್ ಕೆಲವರಲ್ಲಿ ವಸಡನ್ನು ಬೆಳೆಸುತ್ತವೆ. ನಿಮ್ಮಷ್ಟಕ್ಕೆ ನೀವೇ ಮಾತ್ರೆ ನಿಲ್ಲಿಸಬೇಡಿ, ಚೀಟಿಯನ್ನು ಜೊತೆಗೆ ತನ್ನಿ.

ಎಲ್ಲಿ ತೋರಿಸಬೇಕು? ಒಂದು ದಿನದ ಕೂಲಿ ಹೋಗುತ್ತದಲ್ಲ?

ಆರಂಭಿಕ ಉರಿಯೂತವಾದರೆ ಬಹುತೇಕ ಒಂದೋ ಎರಡೋ ಭೇಟಿಯಲ್ಲಿ ಮುಗಿಯುತ್ತದೆ. ಮೂಳೆ ಹೋದ ಮೇಲೆ ಬಂದರೆ ತಿಂಗಳುಗಟ್ಟಲೆ ಅಲೆದಾಟ. ಮೊದಲು ನಿಮ್ಮ ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆಯ ದಂತ ವಿಭಾಗದಲ್ಲಿ ವಿಚಾರಿಸಿ. ಕಲಬುರಗಿಯಲ್ಲಿ ಇಎಸ್‌ಐಸಿ ದಂತ ವೈದ್ಯಕೀಯ ಕಾಲೇಜು ಸೇರಿ ಒಂದಕ್ಕಿಂತ ಹೆಚ್ಚು ದಂತ ಕಾಲೇಜುಗಳಿವೆ, ಬೀದರಿನಲ್ಲೂ ಇದೆ. ಇಂಥ ಕಾಲೇಜುಗಳಲ್ಲಿ ವಸಡಿಗೆಂದೇ ಪ್ರತ್ಯೇಕ ವಿಭಾಗ ಇರುತ್ತದೆ. ವಿದ್ಯಾರ್ಥಿಗಳು ಅಧ್ಯಾಪಕರ ಕಣ್ಣೆದುರು ಸ್ವಚ್ಛ ಮಾಡುತ್ತಾರೆ, ಖರ್ಚು ಖಾಸಗಿಗಿಂತ ಸಾಮಾನ್ಯವಾಗಿ ಕಡಿಮೆ, ಹೊತ್ತು ಹೆಚ್ಚು ಹಿಡಿಯುತ್ತದೆ. ಬೆಳಿಗ್ಗೆಯೇ ಹೋಗಿ ಚೀಟಿ ಮಾಡಿಸಿ, ತಿಂಡಿ ತಿಂದು ಹೋಗಿ, ನುಂಗುತ್ತಿರುವ ಮಾತ್ರೆಗಳ ಹೆಸರು ಬರೆದುಕೊಂಡು ಹೋಗಿ.